ನಮ್ಮ ಹತ್ತಿ, ಕಾರವಾರದ ದೀಪ

ಧಾರವಾಡ ಸೀಮೆಯ ಎರೆಹೊಲಕ್ಕೂ ಕಾರವಾರದ ದೀಪಸ್ತಂಭಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಹತ್ತಿಯದು ನೋಡ್ರಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ತಪ್ಪಿ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದವರು ನಾವು, ಹೆಸರು ಬಂದರಿನದು!

ಇನ್ನೂ ಒಳ್ಳೆಯ ಬಂದರು ಬೇಕೆಂದು ಸರಕಾರ ಕಾರವಾರದ ಮೇಲೆ ಕಣ್ಣಿಟ್ಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಆದರೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಲೋಂಡಾ ಮೇಲೆ ಗೋವೆಯ ಮಾರ್ಮಗೋವಾ ಬಂದರಿಗೆ ಹಾದಿ ತೆರೆಯಿತು. ಹತ್ತಿ ಆ ಕಡೆ ಹರಿಯಿತು. ಕಾರವಾರದ ವ್ಯಾಪಾರವನ್ನು ಸಮುದ್ರವಲ್ಲ, ರೈಲು ಕೊರೆಯಿತು.

ಈಗ ನಿಜವಾದ ಸಮುದ್ರಕೊರೆತದ ಕಾಲ. ದೀಪಸ್ತಂಭ ಬಂಡೆಯ ಮೇಲಿದೆ, ತಡೆದುಕೊಂಡಿದೆ. ಕಾಳಿ ನದಿಯ ಮುಖದಲ್ಲಿರುವ ದೇವಬಾಗದ ಉಸುಕಿನ ದಂಡೆಗೆ ಆ ಭಾಗ್ಯವಿಲ್ಲ. ಮಳೆಗಾಲದ ತೆರೆಗಳು ದಂಡೆಯನ್ನು ತಿನ್ನುತ್ತವೆ, ಗಾಳಿಮರಗಳನ್ನು ಕೆಡವುತ್ತವೆ. ದೀಪ ಉಳಿದು ದಂಡೆಯೇ ಹೋದರೆ ದೋಣಿ ಮರಳುವುದಾದರೂ ಎಲ್ಲಿಗೆ?

ನಮ್ಮ ಕಡೆ ಹೊಲದ ಒಡ್ಡು ಒಡೆದರೆ ಒಬ್ಬನ ಕೈಲಿ ಆಗೋದಿಲ್ಲ, ನಾಲ್ಕು ಮಂದಿ ಕೂಡಬೇಕು. ಸಹಕಾರ ಅಂದರೂ ಅದೇ. ಕಡಲ ದಂಡೆಯೂ ಅಂಥದೊಂದು ಒಡ್ಡೇ. ಕಾರವಾರಕ್ಕೆ ಹೋದಾಗ ದೂರದ ಆ ದೀಪ ಕಂಡರೆ, ಅದರಲ್ಲಿ ನಮ್ಮ ಹಿರಿಯರ ಪಾಲೂ ಇದೆ ಎಂದು ನೆನೆಯೋಣ. ಪಾಲು ಇದ್ದಲ್ಲಿ ಕಾಳಜಿಯೂ ಇರಬೇಕಲ್ಲವೇ?