ಅದೇ ಬ್ಲಾಕ್, ದೊಡ್ಡ ಎಂಜಿನ್: ಸ್ಟ್ರೋಕರ್ ನಡೆದುಬಂದ ದಾರಿ

ಎಂಜಿನ್ನಿನ ಹೊರಮೈ ಹಾಗೇ ಇದ್ದು ಸಿಸಿ ಮಾತ್ರ ಹೆಚ್ಚಬೇಕೆಂದರೆ ಇರುವುದು ಎರಡೇ ದಾರಿ: ಸಿಲಿಂಡರ್ ಬೋರ್ ಮಾಡಿಸಬೇಕು, ಇಲ್ಲವೇ ಪಿಸ್ಟನ್ ಓಡಾಡುವ ದೂರವನ್ನು, ಅಂದರೆ ಸ್ಟ್ರೋಕನ್ನು, ಹೆಚ್ಚಿಸಬೇಕು. ಬೋರಿಂಗ್‌ಗೆ ಸಿಲಿಂಡರ್ ಗೋಡೆಯ ದಪ್ಪವೇ ಅಡ್ಡಿ. ಹಳೆಯ ಅಮೆರಿಕನ್ ವಿ8 ಬ್ಲಾಕುಗಳಲ್ಲಿ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ತೆಗೆಯುವುದು ವಾಡಿಕೆ; ಅದರಿಂದ ಸಿಗುವ ಲಾಭ ಅತ್ಯಲ್ಪ. ನಿಜವಾದ ಲಾಭ ಸ್ಟ್ರೋಕಿನಲ್ಲಿದೆ, ಅಂದರೆ ಕ್ರ್ಯಾಂಕ್‌ಶಾಫ್ಟಿನಲ್ಲಿದೆ. ಹೀಗೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನೇ ಸ್ಟ್ರೋಕರ್.

ಇದನ್ನು ಮೊದಲು ಕೈಯಾರೆ ಮಾಡಿ ತೋರಿಸಿದವರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮುಂಚೂಣಿಯವರು. ಒಣಗಿದ ಕೆರೆಯಂಗಳಗಳಲ್ಲಿ ಕಾರು ಓಡಿಸುತ್ತಿದ್ದ ಅವರ ಬಳಿ ಇದ್ದದ್ದು ಫೋರ್ಡ್ 1932ರಲ್ಲಿ ತಂದ ಫ್ಲಾಟ್‌ಹೆಡ್ ವಿ8. ಅದರ ಸ್ಟ್ರೋಕ್ ಮೂರೂಮುಕ್ಕಾಲು ಇಂಚು. ಅದೇ ಕಂಪನಿಯ ಮರ್ಕ್ಯುರಿ ಕಾರಿಗೆ 1949ರಲ್ಲಿ ನಾಲ್ಕು ಇಂಚಿನ ಕ್ರ್ಯಾಂಕ್ ಬಂತು. ಅದನ್ನು ಬಿಚ್ಚಿ ತಂದು, ಪಿನ್ ಮೇಲಕ್ಕಿರುವ ಪಿಸ್ಟನ್ ಹಾಕಿ ಫೋರ್ಡ್ ಬ್ಲಾಕಿಗೆ ಕೂರಿಸುವುದು ರೂಢಿಯಾಯಿತು. ಅಷ್ಟಕ್ಕೆ ತೃಪ್ತರಾಗದವರು ಕ್ರ್ಯಾಂಕ್ ಪಿನ್ನಿಗೆ ವೆಲ್ಡಿಂಗ್‌ನಲ್ಲಿ ಲೋಹ ತುಂಬಿಸಿ, ಕೇಂದ್ರ ಆಚೆ ಸರಿಯುವಂತೆ ಗ್ರೈಂಡ್ ಮಾಡಿಸುತ್ತಿದ್ದರು.

ಇಂದಿಗೂ ಮಾದರಿಯಾಗಿ ಉಳಿದ ಎಂಜಿನ್ ಎಂದರೆ ಷೆವರ್ಲೆಯ 383. ಈ ಸಂಖ್ಯೆಯ ಸ್ಮಾಲ್ ಬ್ಲಾಕನ್ನು ಕಂಪನಿ ಯಾವ ಕಾರಿನಲ್ಲೂ ಹಾಕಿ ಮಾರಲಿಲ್ಲ, ಗ್ಯಾರೇಜುಗಳೇ ಹುಟ್ಟಿಸಿದವು. 1967ರಲ್ಲಿ ಬಂದ 350 ಘನ ಇಂಚಿನ ಎಂಜಿನ್ನಿನ ಸ್ಟ್ರೋಕ್ 88.4 ಮಿ.ಮೀ.; 1970ರ 400ರದ್ದು 95.25. 400ರ ಕ್ರ್ಯಾಂಕಿನ ಮೇನ್ ಜರ್ನಲ್‌ಗಳು 350ರವಕ್ಕಿಂತ ಸುಮಾರು 5 ಮಿ.ಮೀ. ಹೆಚ್ಚು ದಪ್ಪ. ಗುಜರಿಯಿಂದ ತಂದ ಕ್ರ್ಯಾಂಕಿನ ಜರ್ನಲ್‌ಗಳನ್ನು ಅಷ್ಟು ಇಳಿಸಿ, ಬ್ಲಾಕಿಗೆ 0.030 ಬೋರ್ ಮಾಡಿಸಿದರೆ 383 ಘನ ಇಂಚು, ಹತ್ತಿರಹತ್ತಿರ 6.3 ಲೀಟರ್.

ಯೋಜನೆಯ ತಿರುಳೆಲ್ಲ ಒಂದು ಕೂಡುವ ಲೆಕ್ಕದಲ್ಲಿದೆ. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈವರೆಗೆ ಇರುವುದು 229 ಮಿ.ಮೀ. ಮಾತ್ರ. ಅರ್ಧ ಸ್ಟ್ರೋಕ್, ಕನೆಕ್ಟಿಂಗ್ ರಾಡ್, ಪಿನ್ನಿನಿಂದ ಪಿಸ್ಟನ್ ತಲೆವರೆಗಿನ ಎತ್ತರ ಮೂರೂ ಅಷ್ಟರಲ್ಲೇ ಮುಗಿಯಬೇಕು. 350ರಲ್ಲಿ 44.2, 144.8, 39.6, ಒಟ್ಟು 228.6. ಸ್ಟ್ರೋಕ್ ಬೆಳೆದ 383ರಲ್ಲಿ ಅದೇ ರಾಡ್ ಇಟ್ಟುಕೊಂಡರೆ 47.6, 144.8, 36.2, ಮತ್ತೆ 228.6. ಹೆಚ್ಚಿದ 3.4 ಮಿ.ಮೀ. ಅಷ್ಟನ್ನೂ ಪಿಸ್ಟನ್ನೇ ಬಿಟ್ಟುಕೊಡಬೇಕಾಯಿತು. ಕೆಳಗೂ ಜಾಗ ಸಾಲದು: ದೊಡ್ಡ ವೃತ್ತದಲ್ಲಿ ತಿರುಗುವ ರಾಡ್ ಬೋಲ್ಟುಗಳು ಸಿಲಿಂಡರಿನ ಕೆಳತುದಿಗೆ, ಆಯಿಲ್ ಪ್ಯಾನಿನ ಅಂಚಿಗೆ, ಕ್ಯಾಮ್‌ಶಾಫ್ಟಿಗೆ ತಾಗುತ್ತವೆ. ಬೋಲ್ಟ್ ಬಿಗಿ ಮಾಡುವ ಮೊದಲೇ ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಒಂದೂವರೆ ಮಿ.ಮೀ. ತಂತಿ ಎಲ್ಲ ಕಡೆ ನುಸುಳುತ್ತದೆಯೇ ನೋಡಬೇಕು. ನುಸುಳದ ಕಡೆ ಬ್ಲಾಕನ್ನು ಗ್ರೈಂಡರ್‌ನಿಂದ ತೇಯಬೇಕು. ಈ ಕೆಲಸವನ್ನು ಅವಸರದಲ್ಲಿ ಮುಗಿಸಬಾರದು.

ಕಂಪ್ರೆಷನ್ ಲೆಕ್ಕ ಸದ್ದಿಲ್ಲದೆ ಕೈಕೊಡುವಂಥದ್ದು. 350ರ ಒಂದೊಂದು ಸಿಲಿಂಡರ್ 717 ಸಿಸಿ, 383ರದ್ದು 784. ಮೇಲೆ ಉಳಿಯುವ ಜಾಗ ಎರಡರಲ್ಲೂ 80 ಸಿಸಿ ಎಂದಿಟ್ಟುಕೊಂಡರೆ ಮೊದಲನೆಯದು 10ಕ್ಕೆ 1, ಎರಡನೆಯದು 10.8ಕ್ಕೆ 1. ಎರಕದ ಕಬ್ಬಿಣದ ಹೆಡ್ಡು, ಸಾಮಾನ್ಯ ಪೆಟ್ರೋಲು ಎಂದರೆ ಅದು ನಾಕ್ ಮಾಡುತ್ತದೆ. ಹಾಗಾಗಿಯೇ ಸ್ಟ್ರೋಕರ್ ಪಿಸ್ಟನ್ನುಗಳ ತಲೆ ಹೆಚ್ಚಾಗಿ ತಟ್ಟೆಯಂತೆ ತಗ್ಗಿರುತ್ತದೆ.

ಮುಂದೆ ಬಿಡಿಭಾಗದ ಕಂಪನಿಗಳು 350ರ ಜರ್ನಲ್ ಅಳತೆಗೇ 95.25ರ ಕ್ರ್ಯಾಂಕ್ ಮಾಡಿ, ರಾಡು, ಪಿಸ್ಟನ್, ಬೇರಿಂಗ್ ಸಮೇತ ಕಿಟ್ ಆಗಿ ಮಾರತೊಡಗಿದ ಮೇಲೆ ಗುಜರಿಯ ಹಂಗು ತಪ್ಪಿತು. ಜನರಲ್ ಮೋಟಾರ್ಸ್ ಕೂಡ ಕೊನೆಗೆ 425 ಅಶ್ವಶಕ್ತಿಯ ಜಡ್‌ಜಡ್383 ಎಂಜಿನ್ನನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಜಪಾನಿನಲ್ಲಿ ಬಿಡಿಭಾಗದ ಕಂಪನಿ ಎಚ್‌ಕೆಎಸ್, ನಿಸಾನ್ ಆರ್‌ಬಿ26ರ 73.7 ಮಿ.ಮೀ. ಸ್ಟ್ರೋಕನ್ನು 77.7ಕ್ಕೆ ಏರಿಸಿ 2.6 ಲೀಟರನ್ನು 2.8 ಮಾಡಿತು. ಅಲ್ಲಿ ಉದ್ದೇಶ ಟರ್ಬೊ ಬೇಗ ಎಚ್ಚರಗೊಳ್ಳಲಿ ಎಂಬುದು.

ಫೋರ್ಡ್ 302ರ ಕಥೆ ಬೇರೆ. ಅದರ ಬ್ಲಾಕ್ 208 ಮಿ.ಮೀ. ಎತ್ತರ, ಗಿಡ್ಡ. ಅದರೊಳಗೆ 86.4ರ ಸ್ಟ್ರೋಕ್ ತುರುಕಿದಾಗ ಹುಟ್ಟಿದ 347ರಲ್ಲಿ ಉದ್ದ ರಾಡ್ ಹಾಕಿದರೆ ಪಿಸ್ಟನ್ ಪಿನ್ನು ಆಯಿಲ್ ರಿಂಗ್ ಕೂರುವ ತೋಡಿಗೇ ತಾಗುತ್ತಿತ್ತು. ಆಯಿಲ್ ಕುಡಿಯುತ್ತದೆ ಎಂಬ ಅಪಕೀರ್ತಿ ಅದಕ್ಕೆ ಅಂಟಿದ್ದು ಹೀಗೆ. ಈಗಿನ ಪಿಸ್ಟನ್ನುಗಳು ಬಹುಮಟ್ಟಿಗೆ ಆ ದೋಷ ಕಳೆದುಕೊಂಡಿವೆ. ಆದರೂ ದಿನಾ ಓಡಿಸುವ ಕಾರಿಗೆ 82.55ರ ಸ್ಟ್ರೋಕಿನ 331 ಹೆಚ್ಚು ನೆಮ್ಮದಿಯದೆಂದೇ ನನ್ನ ಅಭಿಪ್ರಾಯ. ಕೊನೆಯ ಹದಿನಾರು ಘನ ಇಂಚಿಗಾಗಿ ಪಿಸ್ಟನ್ನನ್ನು ಅಷ್ಟು ಗಿಡ್ಡ ಮಾಡಬೇಕಿಲ್ಲ.

ಕಿಟ್ ಸುಲಭವಾಗಿ ಸಿಗುವ ಈ ಕಾಲದಲ್ಲಿ ಯೋಜನೆ ಶುರುವಾಗಬೇಕಾದದ್ದು ಕ್ರ್ಯಾಂಕಿನಿಂದಲ್ಲ, ಹೆಡ್‌ನಿಂದ. ಹಳೆಯ ಹೆಡ್ಡನ್ನೇ ಉಳಿಸಿದರೆ ದೊಡ್ಡ ಎಂಜಿನ್ನಿಗೆ ಉಸಿರು ಸಾಲದೆ ಗರಿಷ್ಠ ಶಕ್ತಿ ಕಡಿಮೆ ಆರ್‌ಪಿಎಂನಲ್ಲೇ ಮುಗಿದುಹೋಗುತ್ತದೆ. ಊರೊಳಗಿನ ಕಾರಿಗೆ ಅದು ಕೆಟ್ಟದ್ದೇನಲ್ಲ. ಸಿಗ್ನಲ್ಲಿನಿಂದ ಹೊರಡುವಾಗ ಬೇಕಾದದ್ದು ಟಾರ್ಕ್. 7,000 ಆರ್‌ಪಿಎಂ ಕನಸು ಮಾತ್ರ ಬಿಡಬೇಕು. 6,000ದಲ್ಲಿ 350ರ ಪಿಸ್ಟನ್ ಸರಾಸರಿ ಸೆಕೆಂಡಿಗೆ 17.7 ಮೀಟರ್ ಓಡಿದರೆ 383ರದ್ದು 19 ಮೀಟರ್ ಓಡುತ್ತದೆ. ಉದ್ದ ಸ್ಟ್ರೋಕ್ ಇದ್ದೂ ವೇಗವಾಗಿ ತಿರುಗಬಹುದೆಂದು 2006ರ ಕಾರ್ವೆಟ್ ಜಡ್06ರ ಎಲ್‌ಎಸ್7 ತೋರಿಸಿಕೊಟ್ಟಿತು: 101.6 ಮಿ.ಮೀ. ಸ್ಟ್ರೋಕ್, 7 ಲೀಟರ್, 7,000 ಆರ್‌ಪಿಎಂ. ಅದಕ್ಕಾಗಿ ಕಾರ್ಖಾನೆ ಟೈಟಾನಿಯಂ ರಾಡ್ ಹಾಕಬೇಕಾಯಿತು.

ಎಂಜಿನ್ನಿನ ಆಚೆಗೂ ದುಡ್ಡು ಎತ್ತಿಡಬೇಕು. ಫೋರ್ಡ್ 302 ಇದ್ದ ಹಳೆಯ 5.0 ಮಸ್ಟಾಂಗಿನ ಟಿ-5 ಗೇರ್‌ಬಾಕ್ಸ್ ಸುಮಾರು 300 ಪೌಂಡ್-ಅಡಿ ಟಾರ್ಕಿಗೆಂದು ಮಾಡಿದ್ದು. ಒಳ್ಳೆಯ ಹೆಡ್ ಹಾಕಿದ 347 ಅದನ್ನು ಸಲೀಸಾಗಿ ಮೀರುತ್ತದೆ. ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಈ ಮೂರರ ಖರ್ಚನ್ನೂ ಕ್ರ್ಯಾಂಕಿಗೆ ಆರ್ಡರ್ ಕೊಡುವ ಮೊದಲೇ ಬರೆದಿಟ್ಟುಕೊಳ್ಳಬೇಕು.