ಶೇ. 40ರ ಗೆರೆ ಎಲ್ಲಿಂದ ಬಂತು?

ವಿಕಲಚೇತನರ ಪಿಂಚಣಿ ಅರ್ಜಿ ತಿರಸ್ಕಾರವಾದಾಗ ಊರಲ್ಲಿ ನಾವು ಕೇಳುವ ಮಾತು ಒಂದೇ: "ಕಷ್ಟ ಕಣ್ಣಿಗೆ ಕಾಣಲ್ವಾ?" ಕಾಣುತ್ತದೆ. ಆದರೆ ಕಾನೂನು ನೋಡುವುದು ಸರ್ಟಿಫಿಕೇಟಿನಲ್ಲಿರುವ ಪರ್ಸೆಂಟ್.

1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಒಪ್ಪಿ, ಶೇ. 40ಕ್ಕೆ ಗೆರೆ ಎಳೆಯಿತು. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ತಲಸೇಮಿಯಾ ಇರುವವರು, ಆಸಿಡ್ ದಾಳಿಗೆ ತುತ್ತಾದವರೂ ಸೇರಿದರು. ಗೆರೆ ಮಾತ್ರ 40ರಲ್ಲೇ ಉಳಿಯಿತು. 2009ರಲ್ಲಿ ಬಂದ ಕೇಂದ್ರದ ಇಂದಿರಾ ಗಾಂಧಿ ಪಿಂಚಣಿಗಂತೂ ಶೇ. 80 ಬೇಕು, ಬಿಪಿಎಲ್ ಕುಟುಂಬವೂ ಆಗಿರಬೇಕು. ಹಾಗಾಗಿ ಸರ್ಟಿಫಿಕೇಟ್ ಇದ್ದರೂ ಆ ಹಣ ಸಿಗದವರಿದ್ದಾರೆ.

2016ರ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಯ ಹಕ್ಕನ್ನೂ ಕೊಟ್ಟಿದೆ. ಡಾಕ್ಟರು ಬರೆದ ಪರ್ಸೆಂಟ್ ತಪ್ಪೆನಿಸಿದರೆ ಸುಮ್ಮನೆ ವಾಪಸ್ ಬರಬೇಡಿ. ಮೇಲ್ಮನವಿ ಹಾಕಿ.