ಅರ್ಧ ಆಟದ ಆಳು

ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನು ಆಟದ ಮಾತನ್ನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅದರಲ್ಲಿಯೂ ನಮ್ಮಲ್ಲಿ ಹೆಚ್ಚಿನವರು ಕಣ್ಣಾರೆ ಕಾಣದ ಆಟ ಅದಾದರೆ ಹೇಳುವುದೇ ಬೇಡ. ಆದರೆ ಚರಿತ್ರೆಯೆಂಬುದು ಶಾಸನಗಳಲ್ಲಿ, ದಂಡಯಾತ್ರೆಗಳಲ್ಲಿ ಮಾತ್ರ ಅಡಗಿರುವಂಥದಲ್ಲ. ಒಂದು ಆಟದ ನಿಯಮಾವಳಿಯಲ್ಲಿ ಒಂದೇ ಒಂದು ವಾಕ್ಯ ಬದಲಾದರೆ, ಅದರ ಹಿಂದೆ ದುಡಿಯುವ ಜನರ ಕೂಲಿಯ ಲೆಕ್ಕವಿರಬಹುದು. ಅದರ ಮುಂದೆ ಒಬ್ಬ ಮನುಷ್ಯನ ಬಾಳು ಹೊರಳಿಕೊಳ್ಳಬಹುದು. ರಗ್ಬಿ ಲೀಗ್ ಎಂಬ ಆಟ ಮತ್ತು ಅದರಲ್ಲಿ ಹೆಸರಾದ ಆಸ್ಟ್ರೇಲಿಯದ ಆರ್ಥರ್ ಬೀಟ್ಸನ್ ಈ ಮಾತಿಗೆ ಒಳ್ಳೆಯ ನಿದರ್ಶನ.

ಈ ಆಟ ಹುಟ್ಟಿದ್ದೇ ಒಂದು ಕೂಲಿಯ ಜಗಳದಲ್ಲಿ. ಇಂಗ್ಲೆಂಡಿನ ಉತ್ತರ ಭಾಗದ ಗಣಿಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದವರು ಶನಿವಾರದಂದು ರಗ್ಬಿ ಆಡಹೋದರೆ ಅಷ್ಟು ಹೊತ್ತಿನ ಕೂಲಿ ತಪ್ಪುತ್ತಿತ್ತು. ಆ ನಷ್ಟವನ್ನು ತುಂಬಿಕೊಡಬೇಕೆಂದು ಉತ್ತರದ ಸಂಘಗಳು ಕೇಳಿದವು. ಆಟಕ್ಕೆ ಹಣ ಮುಟ್ಟುವುದು ಸಜ್ಜನರ ಲಕ್ಷಣವಲ್ಲವೆಂದು ರಗ್ಬಿಯ ಅಧಿಕಾರಸ್ಥರು ನಿರಾಕರಿಸಿದರು. ಮನೆಯಲ್ಲಿ ಉಣ್ಣಲು ಇದ್ದವರಿಗೆ ಈ ಸಜ್ಜನಿಕೆ ಸುಲಭವಾಗಿತ್ತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದ ಸಂಘಗಳು ಬೇರೆಯಾಗಿ ನಿಂತವು. ಬೇರೆಯಾದ ಮೇಲೆ ಆಟವನ್ನು ನಡೆಸಲು ಪ್ರೇಕ್ಷಕರ ಕಾಸು ಬೇಕು. ಪ್ರೇಕ್ಷಕರು ಬರಬೇಕಾದರೆ ಆಟದಲ್ಲಿ ಓಟವಿರಬೇಕು, ಬಯಲಿರಬೇಕು. ಆದ್ದರಿಂದ 1906ರಲ್ಲಿ ತಂಡದ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ಕೈಬಿಟ್ಟ ಇಬ್ಬರೂ ಫಾರ್ವರ್ಡ್‌ಗಳು. 1908ರ ಹೊತ್ತಿಗೆ ಆಟ ಸಿಡ್ನಿ ನಗರವನ್ನು ತಲುಪಿ, ಅಲ್ಲಿನ ಕಾರ್ಮಿಕರ ಬಡಾವಣೆಗಳಲ್ಲಿ ಬೇರೂರಿತು.

ಫಾರ್ವರ್ಡ್ ಎಂದರೆ ಯಾರು? ಹದಿಮೂರು ಮಂದಿಯಲ್ಲಿ ಆರು ಜನ ಫಾರ್ವರ್ಡ್‌ಗಳು. ಮೈಕಟ್ಟು ದೊಡ್ಡದು, ಕೆಲಸ ಒರಟು. ಸ್ಕ್ರಮ್ಮಿನಲ್ಲಿ ಭುಜ ಕೊಟ್ಟು ತಳ್ಳುವುದು, ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವುದು, ನುಗ್ಗಿ ಬಂದವರನ್ನು ಹಿಡಿದು ಕೆಡವುವುದು, ಇವು ಅವರ ಪಾಲಿನವು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಮಾತ್ರ ಕೊಡಬಹುದು. ನಮ್ಮ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನು ಹೊರಗೆ ಹೋಗುತ್ತಾನೆ. ಇಲ್ಲಿ ಹಾಗಲ್ಲ, ಸಿಕ್ಕಿಬಿದ್ದವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸುತ್ತಾನೆ, ಅವನ ತಂಡದ ಮತ್ತೊಬ್ಬ ಅದನ್ನು ಎತ್ತಿಕೊಳ್ಳುತ್ತಾನೆ, ಮತ್ತೆ ನುಗ್ಗಾಟ.

ಎಷ್ಟು ಸಲ ಹೀಗೆ ಸಿಕ್ಕಿಬಿದ್ದು ಏಳಬಹುದು? 1966ರವರೆಗೆ ಸಿಡ್ನಿಯಲ್ಲಿ ಇದಕ್ಕೆ ಮಿತಿಯೇ ಇರಲಿಲ್ಲ. ಬಲವಾದ ಫಾರ್ವರ್ಡ್‌ಗಳಿದ್ದ ತಂಡ ಚೆಂಡನ್ನು ಬಿಡದೆ ಎದುರಾಳಿಗಳನ್ನು ಅರೆಯುತ್ತ ಹೋಗಬಹುದಾಗಿತ್ತು. ಸೇಂಟ್ ಜಾರ್ಜ್ ತಂಡ 1956ರಿಂದ 1966ರವರೆಗೆ ಸತತವಾಗಿ ಹನ್ನೊಂದು ವರ್ಷ ಪ್ರಶಸ್ತಿಯನ್ನು ಗೆದ್ದದ್ದು ಈ ಕಾಲದಲ್ಲಿ. ಅವರಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ನಿಜ. ಆದರೆ ನಿಯಮವೂ ಅವರ ಪಕ್ಷದಲ್ಲಿತ್ತು. 1967ರಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂದಿತು. 1971ರಲ್ಲಿ ಅದು ಆರಕ್ಕೆ ಏರಿತು. ಅಷ್ಟು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಯ ಕಡೆಗೆ ಹೋಗುವ ದಾರಿಯಾಯಿತು. ಮಿತಿ ಬಂದ ಮೊದಲ ವರ್ಷವೇ ಸೇಂಟ್ ಜಾರ್ಜಿನ ಸರಪಳಿ ತುಂಡಾಯಿತು.

ಈಗ ನೋಡಿ, ಒಂದೊಂದು ನುಗ್ಗಾಟಕ್ಕೂ ಬೆಲೆ ಬಂದಿತು. ಬರಿದೇ ಚೆಂಡನ್ನು ಅವಚಿಕೊಂಡು ಬೀಳುವ ಫಾರ್ವರ್ಡ್ ತಂಡದ ಕೈಯಲ್ಲಿದ್ದ ಆರು ನಾಣ್ಯಗಳಲ್ಲಿ ಒಂದನ್ನು ವ್ಯಯಮಾಡಿದಂತೆಯೇ. ಆದರೆ ಹಿಡಿದವರ ತೋಳುಗಳ ನಡುವಿನಿಂದಲೇ, ನೆಲಕ್ಕೆ ಬೀಳುವ ಮೊದಲು, ಚೆಂಡನ್ನು ಸಂಗಡಿಗನಿಗೆ ಕೊಡಬಲ್ಲವನಿದ್ದರೆ? ಆಗ ಟ್ಯಾಕಲ್ ಲೆಕ್ಕಕ್ಕೆ ಸೇರುವುದಿಲ್ಲ. ಅಷ್ಟೇ ಅಲ್ಲ, ಅವನನ್ನು ತಡೆಯಲು ಇಬ್ಬರೋ ಮೂವರೋ ಕೂಡಿದ್ದರಿಂದ ಬೇರೆಲ್ಲೋ ಒಂದು ಬಯಲು ತೆರೆದಿರುತ್ತದೆ. ಚೆಂಡು ಆ ಬಯಲಿಗೆ ಹರಿಯುತ್ತದೆ. ಹೊರುವ ಆಳು ಕೊಡುವ ಆಳಾಗಬೇಕೆಂದು ಕಾಲ ಕೇಳತೊಡಗಿತು. ಬೀಟ್ಸನ್ ಅಂಥ ಆಳು.

ಆತ ಹುಟ್ಟಿದ್ದು 1945ರಲ್ಲಿ, ಕ್ವೀನ್ಸ್‌ಲೆಂಡ್ ರಾಜ್ಯದ ಒಳನಾಡಿನ ರೋಮಾ ಎಂಬ ಊರಿನಲ್ಲಿ. ಆಸ್ಟ್ರೇಲಿಯದ ಮೂಲನಿವಾಸಿ ವಂಶದವನು. ರೆಡ್‌ಕ್ಲಿಫ್ ಸಂಘಕ್ಕೆ ಆಡಿ, 1966ರಲ್ಲಿ ಸಿಡ್ನಿಯ ಬಾಲ್ಮೇನ್ ತಂಡಕ್ಕೆ ಬಂದನು. ನೂರು ಕಿಲೋ ಮೀರಿದ ದೇಹ. ಆ ದೇಹಕ್ಕೆ ಹೊಂದದಷ್ಟು ನಯವಾದ ಕೈಗಳು. ಮೂರು ಜನ ಜೋತುಬಿದ್ದಿದ್ದರೂ ಚೆಂಡನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ, ಯಾರು ಬರುತ್ತಿದ್ದಾರೆಂದು ಕಂಡು, ಅವರ ಕೈಗೆ ಇಡುವನು. ಆದರೆ ಊಟದ ಮೇಲೆ ಪ್ರೀತಿ ಹೆಚ್ಚು, ಅಭ್ಯಾಸದ ಮೇಲೆ ಕಡಿಮೆ. ಎಂಬತ್ತು ನಿಮಿಷದ ಆಟದಲ್ಲಿ ನಲವತ್ತು ನಿಮಿಷ ಸಿಂಹ, ಉಳಿದ ನಲವತ್ತು ನಿಮಿಷ ಸೋಮಾರಿ ಎಂದು ಜನ ಆಡಿಕೊಂಡರು. ‘ಅರ್ಧ ಆಟದ ಆರ್ಟಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. 1969ರಲ್ಲಿ ಬಾಲ್ಮೇನ್ ಪ್ರಶಸ್ತಿ ಗೆದ್ದಾಗ ಆತ ಅಮಾನತಿಗೆ ಒಳಗಾಗಿ ಅಂತಿಮ ಪಂದ್ಯದಿಂದ ಹೊರಗುಳಿಯಬೇಕಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಟ್ಯಾಕಲ್‌ಗಳ ಮಿತಿ ಬಂದ ಆ 1967ರ ಮೇ ತಿಂಗಳಲ್ಲಿಯೇ ಆಸ್ಟ್ರೇಲಿಯದಲ್ಲಿ ಒಂದು ಜನಮತಗಣನೆ ನಡೆಯಿತು. ದೇಶದ ಜನಸಂಖ್ಯೆಯ ಲೆಕ್ಕದಲ್ಲಿ ಮೂಲನಿವಾಸಿಗಳನ್ನು ಸೇರಿಸಬಾರದೆಂದು ಸಂವಿಧಾನದಲ್ಲಿದ್ದ ವಿಧಿಯನ್ನು ತೆಗೆದುಹಾಕಲು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮತದಾರರು ಒಪ್ಪಿದರು. ಎಂದರೆ, ಬೀಟ್ಸನ್ ತನ್ನ ದೇಶದ ಪರವಾಗಿ ಮೊದಲ ಟೆಸ್ಟ್ ಆಡಿದ 1966ರಲ್ಲಿ, ಆ ದೇಶದ ಸಂವಿಧಾನ ಅವನ ಜನರನ್ನು ತಲೆಯೆಣಿಕೆಗೆ ತೆಗೆದುಕೊಳ್ಳುತ್ತಿರಲಿಲ್ಲ! ಅಡ್ಡಹೆಸರಿಟ್ಟವರ ಮನಸ್ಸಿನಲ್ಲಿ ಬಣ್ಣದ ವಿಚಾರವಿತ್ತೆಂದು ನಾನು ಹೇಳಲಾರೆ. ಸೋಮಾರಿತನವನ್ನು ಆತನೇ ನಗುತ್ತ ಒಪ್ಪಿಕೊಳ್ಳಬಹುದಾಗಿತ್ತು. ಆದರೆ ಲೆಕ್ಕಕ್ಕೇ ಸೇರದಿದ್ದ ಸಮುದಾಯದಿಂದ ಬಂದವನೊಬ್ಬನನ್ನು ‘ಅರ್ಧ’ ಎಂದು ಕರೆದಾಗ, ಆ ಮಾತಿಗೆ ಆಡಿದವರು ಎಣಿಸದ ಭಾರವೂ ಕೂಡಿಕೊಳ್ಳುತ್ತದೆ.

1971ರಲ್ಲಿ ಬೀಟ್ಸನ್ ಈಸ್ಟರ್ನ್ ಸಬರ್ಬ್ಸ್ ತಂಡವನ್ನು ಸೇರಿದನು. 1908ರ ಮೂಲ ಸಂಘಗಳಲ್ಲಿ ಒಂದಾದರೂ ಅದು 1945ರ ಬಳಿಕ ಪ್ರಶಸ್ತಿ ಕಂಡಿರಲಿಲ್ಲ. 1966ರಲ್ಲಂತೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 1972ರಲ್ಲಿ ಅಂತಿಮ ಪಂದ್ಯದವರೆಗೆ ಬಂದು, ಮ್ಯಾನ್ಲಿ ತಂಡಕ್ಕೆ 14-19ರಿಂದ ಸೋತಿತು. ಒಳ್ಳೆಯ ಆಟಗಾರರು ಕೂಡಿದ್ದಾರೆ, ಆದರೂ ಏನೋ ಸಾಲದು ಎನ್ನುವ ಸ್ಥಿತಿ. 1974ರ ಋತುವಿಗೆ ಜ್ಯಾಕ್ ಗಿಬ್ಸನ್ ತರಬೇತುದಾರನಾಗಿ ಮರಳಿ ಬಂದನು. ಮಿತಭಾಷಿ. ಅಮೆರಿಕದ ಫುಟ್‌ಬಾಲಿನ ತರಬೇತಿ ಕ್ರಮಗಳನ್ನು ಅಭ್ಯಸಿಸಿದವನು. ಯಾರು ಎಷ್ಟು ಟ್ಯಾಕಲ್ ಮಾಡಿದರು, ಎಷ್ಟು ತಪ್ಪಿಸಿಕೊಂಡರು ಎಂದು ಅಂಕಿಯಿಟ್ಟು ಬರೆಸಿದವನು. ಅಂಕಿಯ ಮುಂದೆ ಯಾವ ದೊಡ್ಡ ಹೆಸರೂ ಮರೆಯಾಗಿ ನಿಲ್ಲಲಾರದು.

ಆದರೆ ಗಿಬ್ಸನ್ ಮಾಡಿದ್ದು ಲೆಕ್ಕ ಮಾತ್ರವಲ್ಲ. ಅರ್ಧ ಆಟದವನೆಂದು ಹೆಸರಾದವನಿಗೇ ನಾಯಕತ್ವದ ಹೊಣೆಯನ್ನು ಒಪ್ಪಿಸಿದನು. ಬೇರೆಯವರ ದುಡಿಮೆಗೆ ಜವಾಬ್ದಾರನಾದವನು ತಾನು ನಿಂತುಬಿಡುವುದಕ್ಕಾಗುವುದಿಲ್ಲ. ಈಗಿನಂತೆ ದಣಿದವರನ್ನು ಕೂರಿಸಿ, ಹೊಸಬರನ್ನು ಮೇಲಿಂದ ಮೇಲೆ ಇಳಿಸುವ ಅನುಕೂಲವೂ ಆಗ ಇರಲಿಲ್ಲ. ತಂಡದ ಮುಂದಿನ ಋತುವಿನ ಭವಿಷ್ಯ ಏನೆಂಬ ಪ್ರಶ್ನೆ, ಈ ಭಾರಿ ದೇಹದ ಫಾರ್ವರ್ಡ್ ಎಂಬತ್ತು ನಿಮಿಷವೂ ಆಡುತ್ತಾನೆಯೆ ಎಂಬ ಪ್ರಶ್ನೆಯಾಗಿ ನಿಂತಿತು.

ಆತ ಆಡಿದನು. 1974ರ ಅಂತಿಮ ಪಂದ್ಯದಲ್ಲಿ ಈಸ್ಟರ್ನ್ ಸಬರ್ಬ್ಸ್ ಕ್ಯಾಂಟರ್ಬರಿಯನ್ನು 19-4ರಿಂದ ಸೋಲಿಸಿತು; ಇಪ್ಪತ್ತೊಂಬತ್ತು ವರ್ಷಗಳ ಬರ ಹಿಂಗಿತು. 1975ರಲ್ಲಿ ಸತತವಾಗಿ ಹತ್ತೊಂಬತ್ತು ಗೆಲುವು. ಅಂತಿಮ ಪಂದ್ಯದಲ್ಲಿ ಸೇಂಟ್ ಜಾರ್ಜಿನ ವಿರುದ್ಧ 38-0. ಅರ್ಧವಿರಾಮದ ಹೊತ್ತಿಗೆ ಅಂಕ ಬರಿಯ 5-0 ಆಗಿತ್ತು. ಎದುರಾಳಿ ನಾಯಕ ಗ್ರೇಮ್ ಲ್ಯಾಂಗ್‌ಲೆಂಡ್ಸ್ ನೋವು ತಡೆಯಲು ತೆಗೆದುಕೊಂಡ ಚುಚ್ಚುಮದ್ದಿನಿಂದ ಕಾಲು ಮರಗಟ್ಟಿ ಕುಂಟುತ್ತ ಆಡಿದನೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೂ ಆ ದಿನದ ಮಿಕ್ಕ ಮೂವತ್ತಮೂರು ಅಂಕಗಳು ಬಂದದ್ದು ಉತ್ತರಾರ್ಧದಲ್ಲಿ. ಬೀಟ್ಸನ್ನನಿಗೆ ಆಗದೆಂದು ಜನ ಹೇಳುತ್ತಿದ್ದ ಅರ್ಧ ಅದೇ ಅಲ್ಲವೆ?

ಕಥೆಗೆ ಇನ್ನೊಂದು ಅಧ್ಯಾಯವಿದೆ. ಆ ಕಾಲದಲ್ಲಿ ರಾಜ್ಯಗಳ ನಡುವಣ ಪಂದ್ಯಗಳಿಗೆ ಆಟಗಾರರನ್ನು ಆಯುತ್ತಿದ್ದದ್ದು ಅವರು ಆಡುವ ಊರನ್ನು ನೋಡಿ, ಹುಟ್ಟಿದ ಊರನ್ನಲ್ಲ. ಸಿಡ್ನಿಯ ಹಣ ಕ್ವೀನ್ಸ್‌ಲೆಂಡಿನ ಮಕ್ಕಳನ್ನು ಸೆಳೆದುಕೊಂಡು, ಅವರನ್ನು ಅವರ ತವರಿನ ವಿರುದ್ಧವೇ ಇಳಿಸುತ್ತಿತ್ತು. 1980ರ ಜುಲೈ 8ರಂದು ಮೊತ್ತಮೊದಲ ಬಾರಿಗೆ ಮೂಲರಾಜ್ಯದ ಆಧಾರದ ಮೇಲೆ ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ಪಂದ್ಯ ನಡೆಯಿತು. ಬೀಟ್ಸನ್ನನಿಗೆ ಮೂವತ್ತೈದು ವರ್ಷ; ತನ್ನ ಸಂಘವಾದ ಪ್ಯಾರಮಟಾದಲ್ಲಿ ಎರಡನೆಯ ದರ್ಜೆಯ ತಂಡಕ್ಕೆ ಇಳಿದಿದ್ದನು. ಕ್ವೀನ್ಸ್‌ಲೆಂಡಿನ ಉಡುಪನ್ನು ಅದುವರೆಗೆ ತೊಟ್ಟಿರಲಿಲ್ಲ. ಅವನನ್ನೇ ನಾಯಕನನ್ನಾಗಿ ಮಾಡಿದರು. ಕ್ವೀನ್ಸ್‌ಲೆಂಡ್ 20-10ರಿಂದ ಗೆದ್ದಿತು. ಅಂದು ಕೇವಲ ಪರೀಕ್ಷಾರ್ಥವಾಗಿ ಏರ್ಪಡಿಸಿದ ಪಂದ್ಯವೇ ಮುಂದೆ ಆ ದೇಶದ ದೊಡ್ಡ ಕ್ರೀಡೋತ್ಸವವಾಗಿ ಬೆಳೆಯಿತು.

ಅನಂತರ ಫಾರ್ವರ್ಡಿನ ಪಾತ್ರ ಮತ್ತೆ ಮತ್ತೆ ಬದಲಾಗಿದೆ. ಸ್ಕ್ರಮ್ಮಿನ ತಳ್ಳಾಟ ಹೆಚ್ಚುಕಡಿಮೆ ಶಾಸ್ತ್ರಕ್ಕೆ ಮಾತ್ರ ಉಳಿಯಿತು. 1990ರ ದಶಕದಲ್ಲಿ ಬದಲಿ ಆಟಗಾರರಿಗೆ ಅವಕಾಶ ಹೆಚ್ಚಿದಾಗ, ಇಪ್ಪತ್ತು ನಿಮಿಷ ಅಪ್ಪಳಿಸಿ ಹೋಗಿ ಕೂರುವ ದೈತ್ಯರಿಗೆ ಬೇಡಿಕೆ ಬಂದಿತು. ಮುಂದೆ ಆ ಅವಕಾಶವನ್ನು ಮೊಟಕುಮಾಡುತ್ತ, 2016ರಲ್ಲಿ ಎಂಟು ಬದಲಾವಣೆಗಳಿಗೆ ಇಳಿಸಿದಾಗ, ದಣಿಯದೆ ದುಡಿಯಬಲ್ಲವರ ಬೆಲೆ ಮತ್ತೆ ಏರಿತು. ಆಳನ್ನು ನಿಯಮ ರೂಪಿಸುತ್ತದೆ. ಆಗಾಗ ಒಬ್ಬ ಆಳು ನಿಯಮದೊಳಗೆ ಯಾರೂ ಕಾಣದಿದ್ದ ಬಾಗಿಲನ್ನು ತೆರೆಯುತ್ತಾನೆ.

ಯಾವುದೇ ಕ್ರೀಡೆಯಲ್ಲಿ ತನ್ನ ದೇಶದ ತಂಡಕ್ಕೆ ನಾಯಕನಾದ ಮೊದಲ ಮೂಲನಿವಾಸಿಯೆಂಬ ಗೌರವ ಬೀಟ್ಸನ್ನನದು. 2003ರಲ್ಲಿ ಆ ಆಟದ ‘ಅಮರ’ರ ಸಾಲಿನಲ್ಲಿ ಏಳನೆಯವನಾಗಿ ಅವನ ಹೆಸರು ಸೇರಿತು. 2011ರ ಡಿಸೆಂಬರ್ 1ರಂದು ತೀರಿಕೊಂಡನು. ಒಂದು ತಂಡದ ಭವಿಷ್ಯವನ್ನು ಕೇಳುವಾಗ ನಾವು ಬಲಾಬಲವನ್ನು ಎಣಿಸುತ್ತೇವೆ. ಯಾರಿಗೆ ಯಾವ ಕೆಲಸವನ್ನು ನಂಬಿ ಒಪ್ಪಿಸಿದ್ದಾರೆಂದು ಕೇಳುವುದು ಅಪರೂಪ. ಅಧ್ಯಾಪಕನಾಗಿ ನಾನೂ ಎಷ್ಟೋ ಹುಡುಗರನ್ನು ಮೊದಲ ಅರ್ಧ ನೋಡಿಯೇ ಅಳೆದಿರುವೆನೆಂದು ಈಗ ಅನಿಸುತ್ತದೆ. ಉಳಿದ ಅರ್ಧವನ್ನು ಆಡಲು ಅವರಿಗೆ ಯಾರು ಹೊಣೆ ಒಪ್ಪಿಸಿದರೋ, ಅವರಿಗೆ ನನ್ನ ನಮಸ್ಕಾರ.

(ಬಾನುಲಿ ಭಾಷಣ)